ಗುಂಯ್‌ಗುಟ್ಟುವ ವಾಲ್ವ್ ಸೆಟ್ಟು: ಗುಜರಿಗೆ ಹಾಕುವ ಮುಂಚೆ ಒಂದು ಮಾತು

ರಬಕವಿ-ಬನಹಟ್ಟಿಯ ಮಗ್ಗದ ಸದ್ದಿನಲ್ಲಿ ಬೆಳೆದ ಕಿವಿಗೆ ಗದ್ದಲ ಹೊಸದೇನಲ್ಲ. ಆದರೆ ಶ್ರೀಕೃಷ್ಣ ಪಾರಿಜಾತದ ಆಟದಲ್ಲಿ ಸತ್ಯಭಾಮೆ ಬಾಯಿ ತೆರೆಯುವ ಹೊತ್ತಿಗೆ ಮೈಕ್ ಸೆಟ್ಟೇ ಗುಂಯ್ ಅಂದರೆ ಹೆಂಗ್ರಿ?

ವಾಲ್ವ್ ಸೆಟ್ಟು ಹಳಬರಿಗೆ ಗೊತ್ತು. ಸ್ವಿಚ್ ಹಾಕಿ ಅರ್ಧ ನಿಮಿಷ ಕಾದ ಮೇಲೆ ಬಾಯಿ ಬಿಡುವ ಭಾರದ ಪೆಟ್ಟಿಗೆ. ಜಮಖಂಡಿ, ಮುಧೋಳ, ಬೀಳಗಿಯ ಜಾತ್ರೆ, ಮದುವೆ, ನಾಟಕಕ್ಕೆಲ್ಲ ದುಡಿದು, ಟ್ರಾನ್ಸಿಸ್ಟರ್ ಬಂದ ಮೇಲೆ ಅಟ್ಟ ಸೇರಿತು. ಈಗ ಗುಜರಿಯವನು ಅದರ ತಾಮ್ರಕ್ಕಷ್ಟೇ ಬೆಲೆ ಕಟ್ಟುತ್ತಾನೆ.

ಇದೇ ಜಾತಿಯ ಪೆಟ್ಟಿಗೆಗೆ ಹೊರದೇಶದ ಗಿಟಾರಿನವರು ಲಕ್ಷದ ಮೇಲೆ ಸುರಿಯುತ್ತಾರೆ. ಅಚ್ಚಿನ ಬೋರ್ಡು ಬೇಡ, ಕೈಯಿಂದಲೇ ತಂತಿ ಎಳೆದು ಬೆಸೆದದ್ದು ಬೇಕೆಂಬ ಹಠ. ಲಂಡನ್ನಿನ ಅಂಗಡಿಕಾರ ಜಿಮ್ ಮಾರ್ಷಲ್ 1962ರ ಸುಮಾರಿಗೆ ಅಮೆರಿಕದ ಫೆಂಡರ್ ಬಾಸ್‌ಮನ್ ಸೆಟ್ಟು ನೋಡಿಕೊಂಡು ತನ್ನದನ್ನು ಕಟ್ಟಿಸಿಯೇ ಹೆಸರಾದದ್ದು. ಕೈಬೆಸುಗೆಯಲ್ಲಿ ಲಾಭವೂ ಉಂಟು. ಯಾವ ಸಾಮಾನು ಕೆಟ್ಟಿದೆಯೋ ಅದೊಂದನ್ನೇ ಕಿತ್ತು ಬೇರೆ ಹಾಕಬಹುದು.

ಹಾಗಂತ ಹುಡುಗರ ಕೈಗೆ ಸ್ಕ್ರೂಡ್ರೈವರ್ ಕೊಟ್ಟೀರಿ, ಜೋಕೆ! ಒಳಗೆ 400 ವೋಲ್ಟಿನಷ್ಟು ಕರೆಂಟು ಆಡುತ್ತದೆ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕಂಡೆನ್ಸರುಗಳು ಅದನ್ನು ಹಿಡಿದಿಟ್ಟುಕೊಂಡಿರುತ್ತವೆ. ಜೀವಕ್ಕೇ ಬರುವ ಮಾತು. ನನ್ನ ಎಡಗೈ ಹೆಬ್ಬೆರಳಿಗೆ ಈ ಪಾಠ ಒಮ್ಮೆ ಆಗಿದೆ, ಎರಡನೇ ಸಲ ಬೇಕಾಗಿಲ್ಲ. ರೆಸಿಸ್ಟರ್ ಮೂಲಕ ಕರೆಂಟು ಇಳಿಸಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆಯೇ ಕೈ ಹಾಕಬೇಕು.

ಗುಂಯ್ ಅನ್ನುವುದಕ್ಕೆ ಕಾರಣ ಬಹುಪಾಲು ಇದೇ ಫಿಲ್ಟರ್ ಕಂಡೆನ್ಸರ್. ವರ್ಷಗಟ್ಟಲೆ ಬಿದ್ದಿದ್ದು ಒಳಗೆ ಒಣಗಿರುತ್ತದೆ. ವಾಲ್ವಿನ ಪ್ಲೇಟು ಕೆಂಪಗೆ ಕಾದರೆ ರೋಗ ಬೇರೆ. ಹಿಂದಿನ ಕಪ್ಲಿಂಗ್ ಕಂಡೆನ್ಸರ್ ಸೋರಿ ಪಾಸಿಟಿವ್ ವೋಲ್ಟೇಜು ಗ್ರಿಡ್ಡಿಗೆ ಬರುತ್ತಿರಬಹುದು. ಅದನ್ನು ನೋಡದೆ ಹೊಸ ವಾಲ್ವು ಹಾಕಿದರೆ ಅದೂ ಸುಡುತ್ತದೆ, ದುಡ್ಡೂ ಹೋಗುತ್ತದೆ. ಒಂದು ಕಾಲಕ್ಕೆ ಬೆಂಗಳೂರಿನ ಬಿ.ಇ.ಎಲ್. ವಾಲ್ವು ಮಾಡುತ್ತಿತ್ತು. ಈಗ ಹೊಸವು ಬೇಕೆಂದರೆ ರಷ್ಯಾ, ಚೀನಾ, ಸ್ಲೊವಾಕಿಯಾದ ಮಾಲೇ ಗತಿ.

ಸ್ಪೀಕರ್ ಕಟ್ಟದೆ ಸೆಟ್ಟು ಓಡಿಸುವುದು ಇನ್ನೊಂದು ತಪ್ಪು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಸಾಮಾನಲ್ಲ. ಕಬ್ಬಿನ ಹೊಲದ ಪಂಪಿನ ಮೋಟಾರ್ ಸುತ್ತುವ ಕೈಗಳು ನಮ್ಮಲ್ಲಿ ಬೇಕಾದಷ್ಟಿವೆ, ಆದರೆ ಇದರ ಸುತ್ತು ಬೇರೆ. ಪದರ ಪದರವಾಗಿ ಬಿಚ್ಚಿ, ಸುತ್ತು ಎಣಿಸಿ ಬರೆದುಕೊಂಡು, ಮತ್ತೆ ಹಾಗೆಯೇ ಸುತ್ತಬೇಕು. ಅಷ್ಟು ತಾಳ್ಮೆಯ ಮಿಸ್ತ್ರಿ ನಿಮ್ಮೂರಲ್ಲಿದ್ದರೆ ಕೂಲಿಗೆ ಚೌಕಾಶಿ ಮಾಡಬೇಡ್ರಿ.

ರಿಪೇರಿ ಮುಗಿಯಿತು ಅಂತ ನೇರವಾಗಿ ಸ್ವಿಚ್ ಹಾಕಬಾರದು. ಸ್ಪೀಕರ್ ಕಟ್ಟಿ, ಸೀರೀಸ್ ಬೋರ್ಡಿನಲ್ಲಿ 100 ವ್ಯಾಟಿನ ಹಳೇ ತಂತಿ ಬಲ್ಬು ಸಿಕ್ಕಿಸಿರಿ, ಎಲ್‌ಇಡಿ ನಡೆಯದು. ಬಲ್ಬು ಭಗ್ಗನೆ ಉರಿದು ಹಾಗೆಯೇ ನಿಂತರೆ ಒಳಗೆ ಶಾರ್ಟು ಉಳಿದಿದೆ, ಪ್ಲಗ್ ಕಿತ್ತುಬಿಡ್ರಿ. ಒಮ್ಮೆ ಹೊಳೆದು ಮಂಕಾದರೆ ಮೈಕ್ ಹಿಡಿದು ಹಲೋ ಅನ್ನಬಹುದು.