ರೋಗಿಯ ಮೈಗೆ ತಗಲಿದ ಎಕ್ಸ್-ರೇ ಎಷ್ಟು?

ಮಾನಗಳ ವಿಷಯ ಬೇಗ ಮುಗಿಸೋಣ. ಒಂದು ಕಿಲೋ ವಸ್ತು ಒಂದು ಜೂಲ್ ವಿಕಿರಣಶಕ್ತಿ ಹೀರಿಕೊಂಡರೆ ಒಂದು ಗ್ರೇ. ಎಕ್ಸ್-ರೇ ಕೋಣೆಗೆ ಇದು ತೀರ ದೊಡ್ಡ ಅಳತೆ. ಎದೆಯ ಚಿತ್ರ ತೆಗೆಯುವಾಗ ಚರ್ಮಕ್ಕೆ ತಗಲುವುದು ಮಿಲಿಗ್ರೇಯ ಒಂದೆರಡು ಹತ್ತನೇ ಭಾಗವಷ್ಟೇ. ಅಂಗಾಂಗಗಳ ಸೂಕ್ಷ್ಮತೆಯನ್ನೂ ಸೇರಿಸಿ ಹೇಳಬೇಕಾದರೆ ಸೀವರ್ಟ್. ಅದೇ ಎದೆಚಿತ್ರಕ್ಕೆ ಸುಮಾರು 0.02 ಮಿಲಿಸೀವರ್ಟ್, ಪ್ರಕೃತಿಯಿಂದ ತಾನಾಗಿ ಬರುವುದರ ಜಾಗತಿಕ ಸರಾಸರಿ ವರ್ಷಕ್ಕೆ 2.4.

ಜನ ಎಡವುವುದು ಬೇರೆ ಕಡೆ. ಟೆಕ್ನಿಷಿಯನ್ ಎದೆಗೆ ಸಿಕ್ಕಿಸಿಕೊಂಡ ಟಿಎಲ್‌ಡಿ ಬ್ಯಾಡ್ಜ್ ರೋಗಿಯ ಲೆಕ್ಕವನ್ನೂ ಇಡುತ್ತದೆ ಎಂದುಕೊಳ್ಳುತ್ತಾರೆ. ಇಲ್ಲ, ಅದು ಕೆಲಸದವರ ಲೆಕ್ಕ. ಅವರಿಗೆ ಕಾನೂನಿನ ಮಿತಿಯಿದೆ. ರೋಗಿಗೆ ಅಂಥ ಮಿತಿ ಇಲ್ಲ, ಇರಲೂಬಾರದು; ಸೊಂಟ ಮುರಿದು ಬಂದವರಿಗೆ ನಿಮ್ಮ ಪಾಲು ಮುಗಿಯಿತು ಎನ್ನಲಾದೀತೆ? ಮಿತಿ ಇಲ್ಲದ ಕಡೆಯೇ ಅಳತೆ ಹೆಚ್ಚು ಬೇಕು.

ಲಿಥಿಯಂ ಫ್ಲೋರೈಡಿನ ಪುಟ್ಟ ಚಿಪ್ ಒಂದನ್ನು ಚರ್ಮಕ್ಕೆ ಅಂಟಿಸಿ, ಆಮೇಲೆ ಬಿಸಿ ಮಾಡಿದರೆ, ಅದು ಹಿಡಿದಿಟ್ಟ ಶಕ್ತಿ ಬೆಳಕಾಗಿ ಹೊರಬರುತ್ತದೆ. ಸೊಗಸಾದ ವಿಧಾನ. ಆದರೆ ಅದಕ್ಕೆ ತಿಳಿಯುವುದು ತಾನಿದ್ದ ಜಾಗದ ಡೋಸ್ ಮಾತ್ರ.

ನನಗೆ ಅಚ್ಚುಮೆಚ್ಚಿನದು ಡಿಎಪಿ ಮೀಟರ್. ಕಿರಣದ ಅಗಲ ಹೊಂದಿಸುವ ಕಾಲಿಮೇಟರಿನ ಬಾಯಿಗೆ ಸಿಕ್ಕಿಸುವ ತೆಳ್ಳಗಿನ ಪಾರದರ್ಶಕ ಪೆಟ್ಟಿಗೆ, ಒಳಗೆ ಗಾಳಿ. ಕಿರಣ ಹಾದಾಗ ಆ ಗಾಳಿಯಲ್ಲಿ ಹುಟ್ಟುವ ವಿದ್ಯುದಂಶವನ್ನು ಅಳೆದು, ಡೋಸ್ ಮತ್ತು ವಿಸ್ತೀರ್ಣದ ಗುಣಲಬ್ಧ ಕೊಡುತ್ತದೆ. ರೋಗಿ ಅಷ್ಟು ಕೆಳಗೆ ಮಲಗಿರುವಾಗ ಮೇಲೆ ಅಳೆದು ಏನು ಪ್ರಯೋಜನ ಎಂದು ಪ್ರತಿ ಸಲವೂ ಯಾರಾದರೂ ಕೇಳುತ್ತಾರೆ. ಲೆಕ್ಕ ಹಾಕಿ ನೋಡಿ. ಕಿರಣ ಹೊರಡುವ ಬಿಂದುವಿನಿಂದ 50 ಸೆಂ.ಮೀ. ದೂರದಲ್ಲಿ ಕಿರಣದ ಚೌಕ 10×10 ಸೆಂ.ಮೀ., ಡೋಸ್ 4 ಮಿಲಿಗ್ರೇ ಇರಲಿ. ಗುಣಲಬ್ಧ 400. ದೂರ 100 ಸೆಂ.ಮೀ. ಆದಾಗ ಚೌಕ 20×20ಕ್ಕೆ ಹರಡುತ್ತದೆ, ಡೋಸ್ 1 ಮಿಲಿಗ್ರೇಗೆ ಇಳಿಯುತ್ತದೆ. ಗುಣಲಬ್ಧ ಮತ್ತೆ 400! ಡೋಸ್ ಎಷ್ಟು ಪಟ್ಟು ಇಳಿಯಿತೋ ವಿಸ್ತೀರ್ಣ ಅಷ್ಟೇ ಪಟ್ಟು ಏರಿತು. ಎಷ್ಟು ಸಲ ವಿವರಿಸಿದರೂ ಈ ಲೆಕ್ಕ ನನಗೆ ಹಳತಾಗಿಲ್ಲ.

ಇದರ ಬೆಲೆ ತಿಳಿಯುವುದು ಮಗುವಿನ ಎದೆಚಿತ್ರದಲ್ಲಿ. ಕಾಲಿಮೇಟರಿನ ದೀಪದ ಚೌಕ ಎದೆಗಷ್ಟೇ ಬೀಳಬೇಕು. ಅವಸರದಲ್ಲಿ ಹೊಟ್ಟೆಯವರೆಗೂ ತೆರೆದು ವಿಸ್ತೀರ್ಣ ಇಮ್ಮಡಿಯಾದರೆ, ಎದೆಗೆ ಅಂಟಿಸಿದ ಚಿಪ್ ಹೆಚ್ಚುಕಡಿಮೆ ಮೊದಲಿನಷ್ಟೇ ತೋರಿಸುತ್ತದೆ, ಡಿಎಪಿ ಇಮ್ಮಡಿಯಾಗುತ್ತದೆ. ಚಿತ್ರ ನೋಡಿ ಡೋಸ್ ಊಹಿಸುವ ಕಾಲವೂ ಹೋಯಿತು. ಫಿಲ್ಮ್ ಆದರೆ ಡೋಸ್ ಹೆಚ್ಚಾದಾಗ ಕಪ್ಪಾಗುತ್ತಿತ್ತು. ಡಿಜಿಟಲ್ ಚಿತ್ರ ಇನ್ನಷ್ಟು ಸ್ವಚ್ಛವಾಗಿ ಬರುತ್ತದೆ.

ಬಂದ ಅಂಕಿಯನ್ನು ಹೋಲಿಸಲು ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ 1996ರಲ್ಲಿ ಉಲ್ಲೇಖ ಮಟ್ಟಗಳನ್ನು ಸೂಚಿಸಿತು. ಒಂದು ಪರೀಕ್ಷೆಗೆ ಹಲವು ಆಸ್ಪತ್ರೆಗಳ ಮಧ್ಯಾಂಕಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸಿದಾಗ ಮುಕ್ಕಾಲು ಪಾಲು ಯಾವ ಅಂಕಿಯೊಳಗೆ ಬರುತ್ತವೋ ಅದೇ ಸಾಮಾನ್ಯವಾಗಿ ಉಲ್ಲೇಖ ಮಟ್ಟ. ಒಬ್ಬ ರೋಗಿಯನ್ನು ಇದರಲ್ಲಿ ಅಳೆಯುವಂತಿಲ್ಲ; ದಪ್ಪ ಮೈಗೆ ಹೆಚ್ಚು ಕಿರಣ ಬೇಕೇ ಬೇಕು. ಆದರೆ ಆಸ್ಪತ್ರೆಯ ಮಧ್ಯಾಂಕವೇ ಸದಾ ಮೇಲಿದ್ದರೆ ಕಾರಣ ಹುಡುಕಲೇಬೇಕು.

ಡಿಎಪಿ ಇಲ್ಲದ ಯಂತ್ರವಿದ್ದರೂ ಕೈಕಟ್ಟಿ ಕೂರಬೇಕಿಲ್ಲ. ಕೆವಿ (ಎಕ್ಸ್-ರೇ ನಳಿಕೆಯ ವೋಲ್ಟೇಜ್), ಎಂಎಎಸ್ (ನಳಿಕೆಯ ಕರೆಂಟ್ ಮತ್ತು ಸಮಯದ ಗುಣಲಬ್ಧ), ದೂರ, ರೋಗಿಯ ತೂಕ, ಇಷ್ಟನ್ನು ರಿಜಿಸ್ಟರಿನಲ್ಲಿ ಬರೆದಿಟ್ಟರೆ, ಯಂತ್ರದ ಔಟ್‌ಪುಟ್ ಅಳೆದುಕೊಂಡು ಚರ್ಮದ ಡೋಸ್ ಲೆಕ್ಕ ಹಾಕಬಹುದು. ಭೌತಶಾಸ್ತ್ರದ ಎಂಎಸ್ಸಿ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಇಲ್ಲ. ಹತ್ತಿರದ ತಾಲ್ಲೂಕು ಆಸ್ಪತ್ರೆಯವರ ಒಪ್ಪಿಗೆ ಪಡೆದು ಒಂದೊಂದು ಪರೀಕ್ಷೆಗೆ ಕನಿಷ್ಠ 20 ರೋಗಿಗಳ ಅಂಕಿ ಸೇರಿಸಿ; ಮಕ್ಕಳ ಅಂಕಿಗಳನ್ನು ಮಾತ್ರ ತೂಕವಾರು ಬೇರೆಯಾಗಿಡಿ.