ಆಟದ ಯಂತ್ರದ ಆಯ್ಕೆ

ಒಂದೇ ಹೆಸರಿನ ಎರಡು ಯಂತ್ರಗಳ ಪೈಕಿ ಒಂದರ ಮೇಲೆ 60 ಗಿಗಾಬೈಟ್ ಎಂದೂ ಇನ್ನೊಂದರ ಮೇಲೆ 80 ಗಿಗಾಬೈಟ್ ಎಂದೂ ಬರೆದಿದ್ದರೆ ನಾವು ಯಾವುದನ್ನು ಕೊಳ್ಳುವೆವು? ಸಂಖ್ಯೆ ದೊಡ್ಡದಾದುದೇ ಮೇಲೆಂದು ಬಗೆಯುವುದು ಸಹಜ. ಈ ತೀರ್ಮಾನ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಸೋನಿ ಸಂಸ್ಥೆಯ ‘ಪ್ಲೇಸ್ಟೇಷನ್ 3’ ಎಂಬ ಆಟದ ಯಂತ್ರದ ನಿದರ್ಶನದಿಂದ ಪರೀಕ್ಷಿಸೋಣ. ಇದರ ತಯಾರಿಕೆ 2017ರಲ್ಲಿ ನಿಂತಿತಾದರೂ, ಬಳಸಿದ ಯಂತ್ರವನ್ನು ಕೊಳ್ಳುವವರಿಗೆ ಈ ಪ್ರಶ್ನೆ ಇಂದಿಗೂ ಇದ್ದೇ ಇದೆ.

2006ರ ನವೆಂಬರಿನಲ್ಲಿ ಜಪಾನ್ ಮತ್ತು ಅಮೆರಿಕಗಳಲ್ಲಿ ಈ ಯಂತ್ರವು 20 ಮತ್ತು 60 ಗಿಗಾಬೈಟುಗಳ ಎರಡು ಮಾದರಿಗಳಲ್ಲಿ ಹೊರಬಂದಿತು. ಅಮೆರಿಕದಲ್ಲಿ ಮೊದಲನೆಯದರ ಬೆಲೆ 499 ಡಾಲರು, ಎರಡನೆಯದರದು 599 ಡಾಲರು. ಗಿಗಾಬೈಟೆಂದರೆ ನೂರು ಕೋಟಿ ಬೈಟುಗಳು. ಆಟದ ಮಾಹಿತಿಯನ್ನೂ ಆಟಗಾರನು ಮುಟ್ಟಿದ ಹಂತದ ದಾಖಲೆಯನ್ನೂ ಕೂಡಿಡುವ ಹಾರ್ಡ್ ಡಿಸ್ಕಿನ ಅಳತೆ ಅದು. ಹಾರ್ಡ್ ಡಿಸ್ಕನ್ನು ಯಂತ್ರದ ಉಗ್ರಾಣವೆನ್ನಬಹುದು.

ಈ ಎರಡು ಮಾದರಿಗಳಿಗೂ ಇನ್ನೊಂದು ಗುಣವಿದ್ದಿತು: ಹಿಂದಿನ ಪೀಳಿಗೆಯ ಪ್ಲೇಸ್ಟೇಷನ್ 2ರ ಆಟಗಳನ್ನೂ ಅವು ನಡೆಸುತ್ತಿದ್ದುವು. ಇದು ಸುಲಭದ ಮಾತಲ್ಲ. ಹಳೆಯ ಆಟದ ತಟ್ಟೆಯನ್ನು ಹೊಸ ಯಂತ್ರದ ಲೇಸರ್ ಕಿರಣವು ಓದಬಲ್ಲುದು, ನಿಜ. ಆದರೆ ಓದುವುದು ಬೇರೆ, ಅರ್ಥಮಾಡಿಕೊಳ್ಳುವುದು ಬೇರೆ. ಸಂಸ್ಕೃತ ಪಾಠದಿಂದ ನಾಗರೀ ಲಿಪಿಯನ್ನು ಕಲಿತವನು ಮರಾಠಿ ಪತ್ರಿಕೆಯನ್ನು ಗಟ್ಟಿಯಾಗಿ ಓದಿಯಾನು. ಅದರ ತಾತ್ಪರ್ಯವನ್ನು ಹೇಳಲಾರನು. ಹಾಗೆಯೇ, ತಟ್ಟೆಯಲ್ಲಿರುವ ಆಜ್ಞೆಗಳು ‘ಎಮೋಷನ್ ಎಂಜಿನ್’ ಎಂಬ ಹಳೆಯ ಸಂಸ್ಕಾರಕದ ಭಾಷೆಯಲ್ಲಿವೆ; ಹೊಸ ಯಂತ್ರದ ‘ಸೆಲ್’ ಸಂಸ್ಕಾರಕದ ಭಾಷೆ ಬೇರೆ.

ಈ ತೊಡಕಿಗೆ ಪರಿಹಾರಗಳು ಎರಡು. ಹಳೆಯ ಭಾಷೆ ಬಲ್ಲವನನ್ನೇ ಮನೆಯಲ್ಲಿರಿಸಿಕೊಳ್ಳುವುದು ಒಂದು. ಮೊದಲ ಮಾದರಿಗಳಲ್ಲಿ ಹಳೆಯ ಸಂಸ್ಕಾರಕವನ್ನೂ, ಚಿತ್ರಗಳನ್ನು ರಚಿಸುವ ‘ಗ್ರಾಫಿಕ್ಸ್ ಸಿಂಥಸೈಜರ್’ ಎಂಬ ಚಿಪ್ಪನ್ನೂ ಒಳಗೇ ಜೋಡಿಸಿದ್ದರು. ದುಭಾಷಿಯನ್ನು ನೇಮಿಸುವುದು ಇನ್ನೊಂದು. ಎಂದರೆ, ತಂತ್ರಾಂಶವು ಪ್ರತಿಯೊಂದು ಆಜ್ಞೆಯನ್ನೂ ಹೊಸ ಭಾಷೆಗೆ ತಿರುಗಿಸುವುದು. ಹಳೆಯ ಒಂದು ಆಜ್ಞೆಗೆ ಹೊಸವು ಹಲವು ಬೇಕಾಗುವುದರಿಂದ ಇದಕ್ಕೆ ವೇಗ ಅಗತ್ಯ. ಸೆಲ್ಲಿನ ಗಡಿಯಾರ ಸೆಕೆಂಡಿಗೆ 320 ಕೋಟಿ ಬಾರಿ ಮಿಡಿಯುತ್ತದೆ. ಎಮೋಷನ್ ಎಂಜಿನಿನದು ಸುಮಾರು 30 ಕೋಟಿ ಬಾರಿ. ಚಿತ್ರದ ಚಿಪ್ಪನ್ನು ಅನುಕರಿಸುವುದಂತೂ ಇನ್ನೂ ಕಠಿನ. ಅದರೊಳಗಿನ 4 ಮೆಗಾಬೈಟುಗಳ ಪುಟ್ಟ ಸ್ಮೃತಿಯು ಸೆಕೆಂಡಿಗೆ 48 ಗಿಗಾಬೈಟುಗಳಷ್ಟು ಮಾಹಿತಿಯನ್ನು ಸಾಗಿಸಬಲ್ಲುದು; ಹೊಸ ಯಂತ್ರದ ಚಿತ್ರಸ್ಮೃತಿಗೆ ಅದರ ಅರ್ಧದಷ್ಟು ಸಾಮರ್ಥ್ಯವೂ ಇಲ್ಲ.

ಹೆಚ್ಚಿನ ಚಿಪ್ಪುಗಳೆಂದರೆ ಹೆಚ್ಚಿನ ವೆಚ್ಚ. ಆದುದರಿಂದ 2007ರ ಮಾರ್ಚಿನಲ್ಲಿ ಯೂರೋಪಿಗೆ ಬಂದ 60 ಗಿಗಾಬೈಟಿನ ಮಾದರಿಯಲ್ಲಿಯೂ, ಅದೇ ವರ್ಷ ಅಮೆರಿಕಕ್ಕೆ ಬಂದ 80ರ ಮಾದರಿಯಲ್ಲಿಯೂ ಹಳೆಯ ಸಂಸ್ಕಾರಕವನ್ನು ತೆಗೆದು ಚಿತ್ರದ ಚಿಪ್ಪನ್ನು ಮಾತ್ರ ಉಳಿಸಿದರು. ದುಭಾಷಿಯ ಕೈಗೆ ಎಲ್ಲ ಆಟಗಳೂ ಸಿಕ್ಕಲಿಲ್ಲ. ವರ್ಷದ ಕೊನೆಯಲ್ಲಿ 399 ಡಾಲರಿಗೆ ಬಂದ 40ರ ಮಾದರಿಯಲ್ಲಿ ಹಳೆಯ ಚಿಪ್ಪುಗಳೆರಡೂ ಇಲ್ಲ. 2008ರಲ್ಲಿ ಬಂದ 80ರ ಮಾದರಿಯಲ್ಲಿಯೂ ಇಲ್ಲ. ಪೆಟ್ಟಿಗೆಯ ಮೇಲಿನ 60 ಅಥವಾ 80 ಎಂಬ ಅಂಕೆಯು ಒಡಲಿನ ಗುಟ್ಟನ್ನು ಹೇಳದೆಂಬುದು ಇದರಿಂದ ಸ್ಪಷ್ಟ. ನೋಡಬೇಕಾದುದು ಮಾದರಿಯ ಸಂಕೇತವನ್ನು. ‘ಸಿ.ಇ.ಸಿ.ಎಚ್.’ ಎಂಬುದರ ಮುಂದೆ ಎ ಅಥವಾ ಬಿ ಇದ್ದರೆ ಚಿಪ್ಪುಗಳು ಎರಡು. ಸಿ ಅಥವಾ ಇ ಇದ್ದರೆ ಒಂದು. ಜಿ ಮತ್ತು ಮುಂದಿನವುಗಳಲ್ಲಿ ಒಂದೂ ಇಲ್ಲ.

ಇನ್ನು ಉಗ್ರಾಣದ ಮಾತು. ಈ ಯಂತ್ರದಲ್ಲಿರುವುದು ಮಡಿಲ ಗಣಕಗಳಲ್ಲಿ ಬಳಸುವಂಥ ಎರಡೂವರೆ ಅಂಗುಲದ ಹಾರ್ಡ್ ಡಿಸ್ಕು. ತಿರುಪನ್ನು ಬಿಚ್ಚಿ, ಅದನ್ನು ತೆಗೆದು, ಇನ್ನೂ ದೊಡ್ಡದನ್ನು ಒಡೆಯನೇ ಕೂಡಿಸಬಹುದು. ಬಿಟ್ಟುಹೋದ ಚಿಪ್ಪನ್ನಾದರೋ ಮನೆಯಲ್ಲಿ ಯಾರೂ ಕೂಡಿಸಲಾರರು.

ಹಳೆಯ ಆಟಗಳಿಲ್ಲದವನಿಗೆ 40ರ ಮಾದರಿಯೇ ಸಾಕು. ಇಲ್ಲದ ತಟ್ಟೆಗಳಿಗಾಗಿ ಅವನು ಹಣ ತೆರಬೇಕಾಗಿಲ್ಲ. ಕಪಾಟಿನ ತುಂಬ ಹಳೆಯ ತಟ್ಟೆಗಳಿರುವವನಿಗೆ 20ರ ಯಂತ್ರವೂ 80ಕ್ಕಿಂತ ಮೇಲು. ಯಾವುದೇ ಯಂತ್ರವನ್ನು ಕೊಳ್ಳುವಾಗಲೂ ಮುಂದೆ ಬದಲಾಯಿಸಲಾಗದುದನ್ನು ಮೊದಲು ನೋಡಬೇಕು. ಬದಲಾಯಿಸಬಹುದಾದುದನ್ನು ಆಮೇಲೆ ಎಣಿಸಿದರಾಯಿತು.