ತೋಟದ ರೇಡಿಯೋ ಯಂತ್ರಕ್ಕೂ ಲ್ಯಾಪ್‌ಟಾಪಿಗೂ ನಡುವಣ ತಂತಿಯ ಸಂಪರ್ಕ: ಅದರ ದೋಷಗಳೂ ಪರಿಹಾರಗಳೂ

(ಒಬ್ಬ ವ್ಯವಸಾಯದ ಇನ್‌ಸ್ಪೆಕ್ಟರರಿಂದ)

ಮಳೆ, ಉಷ್ಣತೆ, ಗಾಳಿಯ ತೇವ, ಎಲೆಯ ಮೇಲೆ ನೀರು ನಿಲ್ಲುವ ಕಾಲ, ಇವುಗಳನ್ನು ತಾನಾಗಿಯೇ ಅಳೆದು ಬರೆದಿಡುವ ಹವಾಮಾನ ಯಂತ್ರಗಳು ಈಗ ದ್ರಾಕ್ಷಿ, ದಾಳಿಂಬೆ ಮೊದಲಾದ ತೋಟಗಳಲ್ಲಿ ಬಳಕೆಗೆ ಬಂದಿರುವುವು. ತೋಟವು ಮನೆಗೆ ದೂರವಾಗಿದ್ದು ಅಲ್ಲಿ ಮೊಬೈಲ್ ಸಂಪರ್ಕವು ಸಾಲದೆ ಇರುವ ಕಡೆಗಳಲ್ಲಿ, ಪಂಪುಮನೆಯ ಮೇಲೊಂದು, ವಾಸದ ಮನೆಯ ಮೇಲೊಂದು ರೇಡಿಯೋ ಯಂತ್ರವನ್ನು ಎದುರುಬದುರಾಗಿ ನಿಲ್ಲಿಸಿ ಅಂಕಿಗಳನ್ನು ಮನೆಗೆ ತರಿಸಿಕೊಳ್ಳುವರು. ಇಂತಹ ಯಂತ್ರಗಳು ಸಾಮಾನ್ಯವಾಗಿ 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಕೆಲಸ ಮಾಡತಕ್ಕವು. ಭಾರತ ಸರ್ಕಾರದವರು 2018ರಲ್ಲಿ ಈ ಪಟ್ಟಿಯ ಬಹುಭಾಗವನ್ನು ಶಕ್ತಿಯ ಮಿತಿಗೊಳಪಡಿಸಿ ಲೈಸೆನ್ಸಿನಿಂದ ವಿನಾಯಿತಿಗೊಳಿಸಿರುವುದರಿಂದ ರೈತರು ಇವನ್ನು ಸ್ವಂತವಾಗಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ.

ಈ ರೇಡಿಯೋ ಯಂತ್ರಕ್ಕೆ ಪರದೆಯಾಗಲಿ ಗುಂಡಿಗಳಾಗಲಿ ಇರುವುದಿಲ್ಲ. ಅದನ್ನು ಹೊಂದಿಸಬೇಕಾದರೂ, ಅದಕ್ಕೇನಾಗಿದೆಯೆಂದು ತಿಳಿಯಬೇಕಾದರೂ ಒಂದು ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್ಲಿನಿಂದ ಅದಕ್ಕೆ ಜೋಡಿಸಬೇಕು. ಈ ತಂತಿಯ ಸಂಪರ್ಕವೇ ಕೆಟ್ಟರೆ ಯಂತ್ರವು ಮೂಕವಾದಂತೆ. ದೋಷವು ಯಂತ್ರದಲ್ಲಿದೆಯೋ, ತಂತಿಯಲ್ಲಿದೆಯೋ, ಲ್ಯಾಪ್‌ಟಾಪಿನಲ್ಲಿದೆಯೋ ತಿಳಿಯದು. ಆಗ ಬಹು ಮಂದಿ ಯಂತ್ರವನ್ನೇ ಕಂಬದಿಂದ ಕಳಚಿ ಪಟ್ಟಣಕ್ಕೆ ಕಳುಹಿಸುವರು.

ವಿಜಯಪುರ ಜಿಲ್ಲೆಯ ಒಂದು ದ್ರಾಕ್ಷಿ ತೋಟದಲ್ಲಿ ಅಕ್ಟೋಬರ್ ಚಾಟನಿಯಾದ ಮೇಲೆ ಹೀಗೆಯೇ ಎರಡು ಸಾರಿ ಯಂತ್ರವನ್ನು ಇಳಿಸಿ ಕಳುಹಿಸಿದ್ದರು. ಎರಡು ಸಾರಿಯೂ ಅದು ಅಂಗಡಿಯ ಮೇಜಿನ ಮೇಲೆ ಸರಿಯಾಗಿಯೇ ನಡೆಯಿತು. ಕಡೆಗೆ ನೋಡಲಾಗಿ, ಪಂಪುಮನೆಯ ತೊಲೆಯ ಮೇಲೆ ಹಾದುಬಂದ ಕೇಬಲ್ಲನ್ನು ಇಲಿ ಕಡಿದಿದ್ದಿತು. ಅಷ್ಟರೊಳಗೆ ಎಂಟು ಹತ್ತು ದಿನಗಳ ಎಲೆತೇವದ ಲೆಕ್ಕವು ತಪ್ಪಿತು. ನಡುವೆ ಮಳೆಯೂ ಬಂದಿತು. ಬೂಜುತುಪ್ಪಟ ರೋಗವು ಹೂಗೊಂಚಲುಗಳಿಗೆ ತಗುಲಿದ ಮೇಲೆ ಗೊತ್ತಾಯಿತು. ಈ ರೋಗಕ್ಕೆ ಮುಂಚಿತವಾಗಿ ಸಿಂಪಡಿಸಿದ ಔಷಧವು ಫಲಕೊಡುವಂತೆ ತಡವಾಗಿ ಸಿಂಪಡಿಸಿದ್ದು ಕೊಡದು. ಆದಕಾರಣ ತಂತಿಯ ಸಂಪರ್ಕವನ್ನು ಕ್ರಮವಾಗಿ ಪರೀಕ್ಷಿಸುವ ವಿಧಾನವನ್ನು ರೈತಬಾಂಧವರ ಅನುಕೂಲಕ್ಕಾಗಿ ಕೆಳಗೆ ವಿವರಿಸಿದೆ.

ಪರೀಕ್ಷೆಯ ಕ್ರಮ.— ಮೊದಲು ವಿದ್ಯುತ್ತು, ಅನಂತರ ತಂತಿ, ಆಮೇಲೆ ವಿಳಾಸ, ಕಡೆಯಲ್ಲಿ ಯಂತ್ರದ ಪುಟ, ಹೀಗೆ ಕೆಳಗಿನಿಂದ ಮೇಲಕ್ಕೆ ಹೋಗತಕ್ಕದ್ದು. ಒಂದು ಸಾರಿಗೆ ಒಂದನ್ನೇ ಬದಲಾಯಿಸಬೇಕು. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯದೆ ಹೋಗಿ, ಮುಂದೆ ಅದೇ ದೋಷವು ಬಂದಾಗ ಮತ್ತೆ ಮೊದಲಿನಿಂದಲೇ ಹುಡುಕಬೇಕಾಗುವುದು. ಗುಡುಗು ಮಿಂಚಿರುವಾಗ ಕಂಬವನ್ನು ಹತ್ತಲೂ ಕೂಡದು, ಕೇಬಲ್ಲನ್ನು ಮುಟ್ಟಲೂ ಕೂಡದು.

ವಿದ್ಯುತ್ತು.— ಕಂಬದ ಮೇಲಿನ ಯಂತ್ರಕ್ಕೆ ಬೇರೆ ಕರೆಂಟಿನ ತಂತಿ ಇರುವುದಿಲ್ಲ. ಸಮಾಚಾರವನ್ನು ಒಯ್ಯುವ ಲ್ಯಾನ್ ಕೇಬಲ್ಲೇ ವಿದ್ಯುತ್ತನ್ನೂ ಒಯ್ಯುವುದು. ಇದಕ್ಕಾಗಿ ಕೆಳಗೆ ಒಂದು ಸಣ್ಣ ಅಡಾಪ್ಟರ್ ಪೆಟ್ಟಿಗೆಯಿರುವುದು. ಅದರಲ್ಲಿ ಎರಡು ಪೋರ್ಟುಗಳು. ಒಂದರ ಮೇಲೆ ‘ಪಿ.ಓ.ಇ.’ ಎಂತಲೂ ಮತ್ತೊಂದರ ಮೇಲೆ ‘ಲ್ಯಾನ್’ ಎಂತಲೂ ಬರೆದಿರುವುದು. ಪಿ.ಓ.ಇ. ಪೋರ್ಟಿನಿಂದ ರೇಡಿಯೋ ಯಂತ್ರಕ್ಕೂ, ಲ್ಯಾನ್ ಪೋರ್ಟಿನಿಂದ ಲ್ಯಾಪ್‌ಟಾಪಿಗೂ ಕೇಬಲ್ಲು ಹೋಗತಕ್ಕದ್ದು. ಇವೆರಡು ಅದಲುಬದಲಾದರೆ ರೇಡಿಯೋ ಯಂತ್ರಕ್ಕೆ ವಿದ್ಯುತ್ತು ಹೋಗದೆ ಲ್ಯಾಪ್‌ಟಾಪಿಗೆ ಹೋಗುವುದು.

ಇಲ್ಲಿ ಒಂದು ಮುಖ್ಯ ಭೇದವನ್ನು ತಿಳಿದಿರಬೇಕು. 2003ರಲ್ಲಿ ಗೊತ್ತುಮಾಡಿದ 802.3 ಎಎಫ್ ಎಂಬ ಕ್ರಮದ ಅಡಾಪ್ಟರು ಸುಮಾರು 48 ವೋಲ್ಟನ್ನು ಕೊಡುವುದಾದರೂ, ಎದುರಿಗಿರುವ ಯಂತ್ರವು ವಿದ್ಯುತ್ತನ್ನು ಪಡೆಯತಕ್ಕದ್ದೇ ಎಂದು ಮೊದಲು ಪರೀಕ್ಷಿಸಿ ಅನಂತರವೇ ಕೊಡುವುದು. ರೇಡಿಯೋ ಯಂತ್ರಗಳೊಡನೆ ಬರುವ ಅಡಾಪ್ಟರುಗಳಲ್ಲಿ ಅನೇಕವು ಈ ಜಾತಿಯವಲ್ಲ. ಅವು ಏನನ್ನೂ ವಿಚಾರಿಸದೆ 24 ವೋಲ್ಟನ್ನು ಎಡೆಬಿಡದೆ ತಂತಿಗೆ ಹಾಕುವುವು. ಇಂತಹದಕ್ಕೆ ಲ್ಯಾಪ್‌ಟಾಪನ್ನು ತಪ್ಪಾಗಿ ಸಿಕ್ಕಿಸಿದರೆ ಅದರ ಪೋರ್ಟು ಸುಟ್ಟುಹೋಗುವ ಸಂಭವವುಂಟು. ಒಂದು ಜಾತಿಯ ಅಡಾಪ್ಟರನ್ನು ಮತ್ತೊಂದು ಜಾತಿಯ ಯಂತ್ರಕ್ಕೆ ಹಾಕುವುದೂ ಸಲ್ಲದು.

ತಂತಿ.— ಲ್ಯಾನ್ ಕೇಬಲ್ಲಿನೊಳಗೆ ಎಂಟು ಎಳೆಗಳು ನಾಲ್ಕು ಜೋಡಿಗಳಾಗಿ ಹುರಿಗೊಂಡಿರುವುವು. ಕೊನೆಯ ಆರ್‌ಜೆ-45 ಕನೆಕ್ಟರಿನಲ್ಲಿ ಇವನ್ನು ಕೂರಿಸುವ ಕ್ರಮಗಳಲ್ಲಿ ಹೆಚ್ಚಾಗಿ ರೂಢಿಯಲ್ಲಿರುವುದು ಇದು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸುರು, ನೀಲಿ, ಬಿಳಿ-ನೀಲಿ, ಹಸುರು, ಬಿಳಿ-ಕಂದು, ಕಂದು. ಎರಡು ತುದಿಗಳಲ್ಲಿಯೂ ಇದೇ ಕ್ರಮವಿರತಕ್ಕದ್ದು. ಹಸುರು ಜೋಡಿಯ ಎಳೆಗಳು ಮೂರನೆಯ ಮತ್ತು ಆರನೆಯ ಸ್ಥಾನಗಳಲ್ಲಿ ಬೇರೆಯಾಗಿರುವುದನ್ನು ಗಮನಿಸಬೇಕು. ಒಂದು ಬಣ್ಣದವನ್ನು ಪಕ್ಕಪಕ್ಕದಲ್ಲಿಟ್ಟರೆ ಅಂದವಾಗಿ ಕಾಣುವುದೆಂದು ಹಾಗೆ ಕೂರಿಸಿದರೆ ಸಂಪರ್ಕವು ಕೆಡುವುದು.

24 ವೋಲ್ಟಿನ ಅಡಾಪ್ಟರುಳ್ಳ, ಸೆಕೆಂಡಿಗೆ 100 ಮೆಗಾಬಿಟ್ ವೇಗದ ಯಂತ್ರಗಳಲ್ಲಿ ಸಾಮಾನ್ಯವಾಗಿ ಕಿತ್ತಳೆ ಮತ್ತು ಹಸುರು ಜೋಡಿಗಳು ಸಮಾಚಾರವನ್ನೂ, ನೀಲಿ ಮತ್ತು ಕಂದು ಜೋಡಿಗಳು ವಿದ್ಯುತ್ತನ್ನೂ ಒಯ್ಯುವುವು. ಇದರಿಂದ ದೋಷವನ್ನು ಊಹಿಸಲು ಬಹಳ ಸಹಾಯವಾಗುವುದು. ಅಡಾಪ್ಟರಿನ ದೀಪ ಉರಿಯುತ್ತಿದ್ದು ಕಂಬದ ಯಂತ್ರದ ವಿದ್ಯುತ್ ದೀಪವು ಉರಿಯದಿದ್ದರೆ ನೀಲಿ ಅಥವಾ ಕಂದು ಜೋಡಿಯನ್ನು ಸಂಶಯಿಸಬೇಕು. ವಿದ್ಯುತ್ ದೀಪವು ಉರಿದು ಲ್ಯಾನ್ ದೀಪವು ಮಾತ್ರ ಉರಿಯದಿದ್ದರೆ ಕಿತ್ತಳೆ ಅಥವಾ ಹಸುರು ಜೋಡಿ ಕಡಿದಿರಬಹುದು. ಇಲ್ಲವೆ ಅಡಾಪ್ಟರಿನಿಂದ ಲ್ಯಾಪ್‌ಟಾಪಿಗೆ ಬರುವ ಗಿಡ್ಡ ಕೇಬಲ್ಲು ಕೆಟ್ಟಿರಬಹುದು. 1000 ಮೆಗಾಬಿಟ್ ವೇಗದ ಯಂತ್ರಗಳಲ್ಲಿ ನಾಲ್ಕು ಜೋಡಿಗಳೂ ಸಮಾಚಾರವನ್ನು ಒಯ್ಯುವುದರಿಂದ ಈ ವಿಭಾಗವು ಅವಕ್ಕೆ ಸಲ್ಲದು. ಅಂತಹ ಯಂತ್ರದ ವೇಗವು ಇದ್ದಕ್ಕಿದ್ದಂತೆ 100ಕ್ಕೆ ಇಳಿದರೆ ಒಂದು ಜೋಡಿ ಕೆಟ್ಟಿರಬಹುದೆಂದು ತಿಳಿಯಬೇಕು.

ಕೇಬಲ್ಲಿನ ಉದ್ದವು 100 ಮೀಟರನ್ನು ಮೀರಕೂಡದು. ಶುದ್ಧ ತಾಮ್ರದ ಕೇಬಲ್ಲನ್ನೇ ಕೊಳ್ಳಬೇಕು. 100 ಮೀಟರ್ ಉದ್ದದ ಒಳ್ಳೆಯ ತಾಮ್ರದ ಕೇಬಲ್ಲಿನಲ್ಲಿಯೇ, 24 ವೋಲ್ಟಿನ ಅಡಾಪ್ಟರಿನಿಂದ 8 ವ್ಯಾಟಿನಷ್ಟನ್ನು ಎಳೆದಾಗ, ದಾರಿಯಲ್ಲಿ ಸುಮಾರು 3 ರಿಂದ 4 ವೋಲ್ಟು ಕಳೆದುಹೋಗುವುದು. ಅಲ್ಯುಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟು ಅಗ್ಗವಾಗಿ ಮಾರುವ ಕೇಬಲ್ಲಿನಲ್ಲಿ ನಷ್ಟವು ಇನ್ನೂ ಹೆಚ್ಚು. ಎಳೆಗಳೂ ಬಾಗಿಸಿದಲ್ಲಿ ಬೇಗ ಮುರಿಯುವುವು. ಯಂತ್ರವು ಆಗಾಗ್ಗೆ ತಾನೇ ಆರಿ ಮತ್ತೆ ಹೊತ್ತಿಕೊಳ್ಳುತ್ತಿದ್ದರೆ ಇದೂ ಒಂದು ಕಾರಣವಾಗಿರಬಹುದು.

ತಂತಿಯ ಸಂಶಯವನ್ನು ತೀರಿಸಲು ಸುಲಭವಾದ ಉಪಾಯವೊಂದುಂಟು. ಸರಿಯಾಗಿದೆಯೆಂದು ಮೊದಲೇ ಗೊತ್ತಿರುವ ಎರಡು ಮೀಟರಿನ ಕೇಬಲ್ಲನ್ನು ತೆಗೆದುಕೊಂಡು, ಅಡಾಪ್ಟರನ್ನು ಯಂತ್ರದ ಬಳಿಗೇ ಒಯ್ದು ಜೋಡಿಸಿ ನೋಡಬೇಕು. ಆಗ ದೀಪಗಳು ಉರಿದರೆ ಯಂತ್ರವು ನಿರ್ದೋಷಿ. ಹಳೆಯ ಕೇಬಲ್ಲೇ ತಪ್ಪಿತಸ್ಥ. ಮೇಲೆ ಹೇಳಿದ ತೋಟದಲ್ಲಿ ಇಷ್ಟನ್ನು ಮೊದಲು ಮಾಡಿದ್ದರೆ ಯಂತ್ರವು ಒಂದು ಸಾರಿಯೂ ಪಟ್ಟಣಕ್ಕೆ ಹೋಗುತ್ತಿರಲಿಲ್ಲ.

ವಿಳಾಸ.— ದೀಪಗಳೆಲ್ಲ ಉರಿದರೂ ಯಂತ್ರವು ಮಾತನಾಡದಿದ್ದರೆ ದೋಷವು ಬಹುಮಟ್ಟಿಗೆ ವಿಳಾಸದಲ್ಲಿರುವುದು. ಪ್ರತಿಯೊಂದು ಯಂತ್ರಕ್ಕೂ ಐ.ಪಿ. ವಿಳಾಸವೆಂಬ ನಾಲ್ಕು ಅಂಕಿಗಳ ಸಂಖ್ಯೆಯಿರುವುದು. ಲ್ಯಾಪ್‌ಟಾಪೂ ರೇಡಿಯೋ ಯಂತ್ರವೂ ಒಂದೇ ಬೀದಿಯ ಎರಡು ಮನೆಗಳಂತಿರಬೇಕು. ಬೀದಿಯ ಹೆಸರು ಒಂದೇ, ಮನೆಯ ಸಂಖ್ಯೆ ಬೇರೆ ಬೇರೆ. ಉಬಿಕ್ವಿಟಿ ಕಂಪನಿಯ ಏರ್‌ಮ್ಯಾಕ್ಸ್ ಯಂತ್ರಗಳು 192.168.1.20 ಎಂಬ ವಿಳಾಸದೊಡನೆ ಕಾರ್ಖಾನೆಯಿಂದ ಬರುವುವು. ಮೈಕ್ರೋಟಿಕ್ ಯಂತ್ರಗಳಲ್ಲಿ ಸಾಮಾನ್ಯವಾಗಿ 192.168.88.1 ಇರುವುದು. ಉಳಿದ ಯಂತ್ರಗಳ ವಿಳಾಸವನ್ನು ಅವುಗಳ ಚೀಟಿಯಲ್ಲಿ ನೋಡಿಕೊಳ್ಳತಕ್ಕದ್ದು.

ಲ್ಯಾಪ್‌ಟಾಪು ತನ್ನ ವಿಳಾಸವನ್ನು ಬೇರೊಂದು ಯಂತ್ರದಿಂದ ಕೇಳಿ ಪಡೆಯುವುದು ವಾಡಿಕೆ. ಕೊಡುವವರು ಯಾರೂ ಇಲ್ಲದಾಗ ವಿಂಡೋಸ್ ಲ್ಯಾಪ್‌ಟಾಪು 169.254 ಎಂದು ಆರಂಭವಾಗುವ ವಿಳಾಸವನ್ನು ತಾನೇ ಇಟ್ಟುಕೊಳ್ಳುವುದು. ‘ಐಪಿಕಾನ್ಫಿಗ್’ ಎಂಬ ಆಜ್ಞೆಯನ್ನು ಕೊಟ್ಟಾಗ ಈ ಅಂಕಿಗಳು ಕಂಡರೆ, ತನಗೆ ವಿಳಾಸ ಕೊಡುವವರು ಸಿಕ್ಕಲಿಲ್ಲವೆಂದು ಲ್ಯಾಪ್‌ಟಾಪು ಹೇಳುತ್ತಿದೆಯೆಂದು ತಿಳಿಯಬೇಕು. ಆಗ ಕೈಯಿಂದಲೇ ವಿಳಾಸವನ್ನು ಬರೆಯಬೇಕು. ರೇಡಿಯೋ ಯಂತ್ರದ್ದು 192.168.1.20 ಆಗಿದ್ದರೆ ಲ್ಯಾಪ್‌ಟಾಪಿಗೆ 192.168.1.10 ಎಂತಲೂ, ಸಬ್‌ನೆಟ್ ಮಾಸ್ಕಿಗೆ 255.255.255.0 ಎಂತಲೂ ಕೊಟ್ಟು, ಗೇಟ್‌ವೇ ಎಂಬಲ್ಲಿ ಏನನ್ನೂ ಬರೆಯದೆ ಬಿಡಬಹುದು.

ಈ ಕಾಲದಲ್ಲಿ ಲ್ಯಾಪ್‌ಟಾಪಿನ ವೈಫೈಯನ್ನು ಆರಿಸಿಡತಕ್ಕದ್ದು. ಮನೆಯ ವೈಫೈ ಪೆಟ್ಟಿಗೆಯೂ ಅನೇಕ ವೇಳೆ 192.168.1 ಎಂಬ ಅದೇ ಬೀದಿಯಲ್ಲಿರುವುದು. ಎರಡು ದಾರಿಗಳು ಒಂದೇ ಹೆಸರಿನವಾದರೆ ಲ್ಯಾಪ್‌ಟಾಪು ತಂತಿಯನ್ನು ಬಿಟ್ಟು ವೈಫೈಯಲ್ಲಿ ಹುಡುಕತೊಡಗುವುದುಂಟು. ಕೆಲಸವು ಮುಗಿದ ಮೇಲೆ ವಿಳಾಸವನ್ನು ಮತ್ತೆ ‘ತಾನಾಗಿ ಪಡೆಯುವ’ ಸ್ಥಿತಿಗೆ ತಿರುಗಿಸಬೇಕು. ಇಲ್ಲದಿದ್ದರೆ ಮುಂದೆ ಬೇರೆ ಕಡೆ ತಂತಿಗೆ ಸಿಕ್ಕಿಸಿದಾಗ ಲ್ಯಾಪ್‌ಟಾಪು ಕೆಲಸ ಮಾಡದು.

ಕೂಗಿ ನೋಡುವುದು.— ‘ಪಿಂಗ್’ ಎಂಬ ಆಜ್ಞೆಯೊಡನೆ ರೇಡಿಯೋ ಯಂತ್ರದ ವಿಳಾಸವನ್ನು ಬರೆದರೆ ಲ್ಯಾಪ್‌ಟಾಪು ಅದನ್ನು ಕೂಗಿ ನೋಡುವುದು. ಉತ್ತರದ ಸಾಲಿನಲ್ಲಿ ‘ರಿಪ್ಲೈ ಫ್ರಮ್’ ಎಂದು ಕಂಡಮಾತ್ರಕ್ಕೆ ಸಂತೋಷಪಡಬಾರದು. ಅದರ ಮುಂದೆ ಯಾರ ವಿಳಾಸವಿದೆಯೆಂದು ನೋಡಬೇಕು. ಲ್ಯಾಪ್‌ಟಾಪಿನ ಸ್ವಂತ ವಿಳಾಸವಿದ್ದು, ‘ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್’ ಎಂದಿದ್ದರೆ ಅದು ಲ್ಯಾಪ್‌ಟಾಪು ತನಗೆ ತಾನೇ ಕೊಟ್ಟುಕೊಂಡ ಉತ್ತರ. ರೇಡಿಯೋ ಯಂತ್ರವು ಓಗೊಟ್ಟಿರುವುದಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ರೇಡಿಯೋ ಯಂತ್ರದಿಂದ ಲ್ಯಾಪ್‌ಟಾಪನ್ನು ಕೂಗಿದಾಗ ಉತ್ತರ ಬಾರದಿದ್ದರೂ ಸಂಪರ್ಕವು ಕೆಟ್ಟಿತೆಂದು ಹೇಳುವಂತಿಲ್ಲ. ವಿಂಡೋಸಿನ ಫೈರ್‌ವಾಲ್ ಅಂತಹ ಕೂಗನ್ನು ತಡೆಯುವುದುಂಟು.

ಪುಟವು ತೆರೆಯದಿದ್ದರೆ.— ಯಂತ್ರವು ಓಗೊಟ್ಟ ಮೇಲೆ ಬ್ರೌಸರಿನಲ್ಲಿ ಅದರ ವಿಳಾಸವನ್ನು ಬರೆದರೆ ಪುಟವು ತೆರೆಯಬೇಕು. ‘ಈ ಸಂಪರ್ಕವು ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಕಂಡರೆ, ಯಂತ್ರವು ತನ್ನ ಪ್ರಮಾಣಪತ್ರಕ್ಕೆ ತಾನೇ ರುಜು ಹಾಕಿಕೊಂಡಿರುವುದೇ ಅದಕ್ಕೆ ಕಾರಣವಾಗಿರಬಹುದು. ತಂತಿಯ ಆ ತುದಿಯಲ್ಲಿ ನಮ್ಮ ಯಂತ್ರವೇ ಇರುವುದರಿಂದ ಇಲ್ಲಿ ಮಾತ್ರ ಮುಂದುವರಿಯಬಹುದು; ಬ್ಯಾಂಕು ಮೊದಲಾದ ಪುಟಗಳಲ್ಲಿ ಹಾಗೆ ಮಾಡಲೇಕೂಡದು.

ವಿಳಾಸವಾಗಲಿ ಗುಪ್ತಪದವಾಗಲಿ ಮರೆತುಹೋಗಿದ್ದರೆ ರಿಸೆಟ್ ಗುಂಡಿಯೊಂದೇ ದಾರಿಯೆಂದು ಹಲವರು ತಿಳಿದಿರುವರು. ಅದನ್ನು ಒತ್ತಿ ಹಿಡಿದರೆ ಯಂತ್ರವು ಕಾರ್ಖಾನೆಯ ಸ್ಥಿತಿಗೆ ಬರುವುದು ನಿಜ. ಆದರೆ ಎದುರಿನ ಯಂತ್ರದೊಡನೆ ಹೊಂದಿಸಿದ್ದ ಹೆಸರು, ಕೀಲಿ, ಚಾನಲ್ ಎಲ್ಲವೂ ಅಳಿಸಿಹೋಗುವುವು. ಆದ್ದರಿಂದ ಇದು ಕಟ್ಟಕಡೆಯ ಉಪಾಯವಾಗಿರತಕ್ಕದ್ದು.

ಮುನ್ನೆಚ್ಚರಿಕೆ.— ಹೊರಗೆ ಹಾಯುವ ಕೇಬಲ್ಲು ಬಿಸಿಲಿಗೆ ತಾಳುವ ಹೊರಾಂಗಣದ ಜಾತಿಯದಾಗಿರಬೇಕು. ಯಂತ್ರದೊಳಕ್ಕೆ ಹೋಗುವ ಮೊದಲು ಕೇಬಲ್ಲನ್ನು ಕೆಳಕ್ಕೆ ಜೋತುಬೀಳುವಂತೆ ಬಾಗಿಸಿದರೆ ಮಳೆಯ ನೀರು ಆ ಬಾಗಿನಲ್ಲಿಯೇ ತೊಟ್ಟಿಕ್ಕಿ ಹೋಗಿ ಕನೆಕ್ಟರಿಗೆ ತಲುಪದು. ಕನೆಕ್ಟರಿನ ಹಿತ್ತಾಳೆ ಬಣ್ಣದ ಹಲ್ಲುಗಳು ಹಸುರುಗಟ್ಟಿದ್ದರೆ ಉಜ್ಜಿ ಕಾಲ ಕಳೆಯದೆ ಅದನ್ನು ಕತ್ತರಿಸಿ ಹೊಸದನ್ನು ಹಾಕಬೇಕು. ಇಲಿಯ ಬಾಧೆಯುಳ್ಳ ಪಂಪುಮನೆಗಳಲ್ಲಿ ಕೇಬಲ್ಲನ್ನು ಪೈಪಿನೊಳಗೆ ಹಾಯಿಸತಕ್ಕದ್ದು. ಕಂಬಕ್ಕೆ ಅರ್ತಿಂಗ್ ಕೊಡಿಸಿ, ಕೇಬಲ್ಲಿಗೆ ಸಿಡಿಲಿನ ರಕ್ಷಕವನ್ನು ಹಾಕಿಸುವುದು ಲೇಸು.

ಎರಡೂ ಯಂತ್ರಗಳ ವಿಳಾಸ, ಹೆಸರು, ಚಾನಲ್, ಅಡಾಪ್ಟರಿನ ವೋಲ್ಟು, ಕೇಬಲ್ಲು ಹಾಕಿದ ತಾರೀಖು, ಇಷ್ಟನ್ನು ಒಂದು ಕಾಗದದಲ್ಲಿ ಬರೆದು ಪಂಪುಮನೆಯ ಪೆಟ್ಟಿಗೆಯಲ್ಲಿಯೂ, ಗುಪ್ತಪದವನ್ನು ಬೇರೆಯಾಗಿ ಮನೆಯಲ್ಲಿಯೂ ಇಡಬೇಕು. ಇದರೊಡನೆ ಪರೀಕ್ಷಿಸಿದ ಎರಡು ಮೀಟರಿನ ಕೇಬಲ್ಲೊಂದನ್ನೂ, ನಾಲ್ಕಾರು ಕನೆಕ್ಟರುಗಳನ್ನೂ, ಕ್ರಿಂಪಿಂಗ್ ಇಕ್ಕಳವನ್ನೂ ಸಿದ್ಧವಾಗಿಟ್ಟುಕೊಳ್ಳತಕ್ಕದ್ದು. ಹಲವು ತೋಟಗಳವರು ಸೇರಿ ಇವನ್ನು ಸಹಕಾರ ಸಂಘದಲ್ಲಿ ಇಟ್ಟುಕೊಂಡರೂ ಸಾಕು. ಚಾಟನಿಗೆ ಮುಂಚೆ ಒಂದು ದಿನ ಮೇಲ್ಕಂಡ ಪರೀಕ್ಷೆಗಳನ್ನೆಲ್ಲ ಮಾಡಿ ಮುಗಿಸಿದರೆ, ಮಳೆಮೋಡವು ಕವಿದ ರಾತ್ರಿಯಲ್ಲಿ ಎಲೆತೇವದ ಅಂಕಿಗಳು ಮನೆಗೆ ತಪ್ಪದೆ ಬರುವುವು. ಔಷಧವನ್ನು ಹೊಡೆಯಬೇಕೇ ಬೇಡವೇ ಎಂಬುದನ್ನು ರೈತನು ಬೆಳಗಾಗುವುದರೊಳಗೆ ನಿಶ್ಚಯಿಸಬಹುದು.